ಆಫೀಸಿನ ಆಯುಧ ಪೂಜೆಯನ್ನೇ ಟೀಮ್ ಬಿಲ್ಡಿಂಗ್ ಮಾಡಿ: ಶುರುವಿನಿಂದ ಕೊನೆಯವರೆಗೆ ಸಮಗ್ರ ಮಾರ್ಗದರ್ಶಿ

ದಸರಾ ಹತ್ತಿರ ಬಂತೆಂದರೆ ಬೆಂಗಳೂರಿನ ಆಫೀಸುಗಳಲ್ಲಿ ಎರಡು ಮೇಲ್ ಬರುತ್ತವೆ. ಒಂದು, ಆಯುಧ ಪೂಜೆಗೆ ಎಲ್ಲರೂ ಸೀರೆ, ಪಂಚೆ ಉಟ್ಟು ಬನ್ನಿ ಅಂತ. ಇನ್ನೊಂದು, ಟೀಮ್ ಬಿಲ್ಡಿಂಗ್ ದುಡ್ಡು ಇನ್ನೂ ಹಾಗೇ ಇದೆ, ಯಾವ ರೆಸಾರ್ಟ್ ನೋಡೋಣ ಅಂತ. ಇವೆರಡನ್ನೂ ಸೇರಿಸಿ ಒಂದೇ ಮಾಡಿಬಿಡಿ ಅನ್ನುವುದು ನನ್ನ ಸಲಹೆ.

ರೆಸಾರ್ಟಿಗೆ ಹೋದರೆ ಏನಾಗುತ್ತದೆ ಅಂತ ನಿಮಗೂ ಗೊತ್ತು. ಕನಕಪುರ ರಸ್ತೆಯ ಟ್ರಾಫಿಕ್‌ನಲ್ಲಿ ಅರ್ಧ ಬೆಳಗ್ಗೆ ಹೋಗುತ್ತದೆ, ಆಮೇಲೆ ಮೈಕ್ ಹಿಡಿದ ಯಾರೋ ಒಬ್ಬರು ಚಪ್ಪಾಳೆ ಹೊಡೆಸುತ್ತಾರೆ, ಊಟಕ್ಕೆ ದಿನಾ ಜೊತೆಗೆ ಕೂರುವ ಅದೇ ನಾಲ್ಕು ಜನ ಮತ್ತೆ ಒಂದೇ ಟೇಬಲ್ ಹಿಡಿಯುತ್ತಾರೆ. ಆಯುಧ ಪೂಜೆಯಲ್ಲಿ ನಿಜವಾದ ಕೆಲಸ ಇದೆ. ತೋರಣ ಕಟ್ಟಬೇಕು, ರಂಗೋಲಿ ಹಾಕಬೇಕು, ಪುರಿ ಪೊಟ್ಟಣ ಮಾಡಬೇಕು, ಎಲೆ ಹಾಕಿ ಬಡಿಸಬೇಕು. ಹೆಸರೂ ಗೊತ್ತಿಲ್ಲದ ಇಬ್ಬರನ್ನು ಒಂದು ತಾಸು ಒಂದೇ ಕೆಲಸಕ್ಕೆ ಹಚ್ಚಿದರೆ ಮಾತು ತಾನಾಗಿ ಶುರುವಾಗುತ್ತದೆ. ಆದರೆ ಆ ಕೆಲಸವನ್ನೆಲ್ಲ ಹೌಸ್‌ಕೀಪಿಂಗ್‌ನವರ ತಲೆಗೆ ಕಟ್ಟಿ, ನಾವು ಬಂದು ಫೋಟೋ ತೆಗೆಸಿಕೊಂಡು ಹೋದರೆ ಏನೂ ಉಪಯೋಗವಿಲ್ಲ. ಈ ಇಡೀ ಬರಹ ಅದನ್ನು ತಪ್ಪಿಸುವುದು ಹೇಗೆ ಅನ್ನುವುದರ ಬಗ್ಗೆಯೇ.

ನಲವತ್ತರಿಂದ ಎಂಬತ್ತು ಜನರ ಆಫೀಸನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದಿದ್ದೇನೆ. ನಿಮ್ಮಲ್ಲಿ ಇನ್ನೂರು ಜನ ಇದ್ದರೆ ಮಹಡಿಗೊಂದರಂತೆ ಬೇರೆ ಬೇರೆ ಮಾಡಿ. ಎಲ್ಲರನ್ನೂ ಒಂದೇ ಹಾಲಿಗೆ ತುಂಬಿದರೆ ಅದು ಸಮಾರಂಭ ಆಗುತ್ತದೆ ಅಷ್ಟೆ.

ಮೊದಲು ದಿನ ಗೊತ್ತು ಮಾಡಿ

ಆಯುಧ ಪೂಜೆ ನವಮಿಯ ದಿನ, ಮರುದಿನ ವಿಜಯದಶಮಿ. ಆಫೀಸಿಗೆ ಆಗ ರಜೆ ಇರುತ್ತದೆ, ಹಾಗಾಗಿ ಆಫೀಸಿನ ಪೂಜೆ ಅದಕ್ಕಿಂತ ಮುಂಚೆಯೇ ಆಗಬೇಕು. ಸಾಮಾನ್ಯವಾಗಿ ರಜೆಯ ಹಿಂದಿನ ದಿನವೇ ಇಡುತ್ತಾರೆ, ಅದೇ ದೊಡ್ಡ ಎಡವಟ್ಟು. ಅವತ್ತು ಮಧ್ಯಾಹ್ನದ ಹೊತ್ತಿಗೆ ಅರ್ಧ ಜನರ ಬ್ಯಾಗ್ ಆಫೀಸಿಗೇ ಬಂದಿರುತ್ತದೆ, ಕಣ್ಣು ಗಡಿಯಾರದ ಮೇಲೆ, ಮನಸ್ಸು ಮೆಜೆಸ್ಟಿಕ್‌ನಲ್ಲಿ. 2025ರಲ್ಲಿ ಆಯುಧ ಪೂಜೆ ಬುಧವಾರ, ವಿಜಯದಶಮಿ ಗುರುವಾರ ಗಾಂಧಿ ಜಯಂತಿಯ ದಿನವೇ ಬಂತು. ಹಿಂದಿನ ಮಂಗಳವಾರ ಸೆಪ್ಟೆಂಬರ್ 30, ಅಂದರೆ ತ್ರೈಮಾಸಿಕದ ಕೊನೆ ದಿನ. ಅಕೌಂಟ್ಸ್ ಮತ್ತು ಸೇಲ್ಸ್‌ನವರಿಗೆ ಅವತ್ತು ತಲೆ ಎತ್ತಲೂ ಪುರುಸೊತ್ತಿರುವುದಿಲ್ಲ. ಅಂಥ ವರ್ಷ ಎರಡು ಮೂರು ಕೆಲಸದ ದಿನ ಮೊದಲೇ ಮುಗಿಸಿಬಿಡುವುದು ಜಾಣತನ.

ಹಾಗಂತ ತೀರಾ ಹಿಂದಕ್ಕೂ ಹೋಗಬೇಡಿ. ನವರಾತ್ರಿಗೆ ಮುಂಚಿನ ಹದಿನೈದು ದಿನ ಪಿತೃಪಕ್ಷ. ಮಹಾಲಯ ಅಮಾವಾಸ್ಯೆ ಕಳೆಯುವ ತನಕ ಬಹಳ ಮನೆಗಳಲ್ಲಿ ಶುಭ ಕಾರ್ಯ ಮಾಡುವುದಿಲ್ಲ. ಅಂದರೆ ನಿಮಗೆ ಸಿಗುವುದು ನವರಾತ್ರಿಯ ಮೊದಲ ಆರೇಳು ದಿನ. ಅದರಲ್ಲಿ ವಾರಾಂತ್ಯ ಬೇಡವೇ ಬೇಡ. ಶನಿವಾರ ಮಕ್ಕಳನ್ನು ಬಿಟ್ಟು ಆಫೀಸಿಗೆ ಬಂದು ಟೀಮ್ ಸ್ಪಿರಿಟ್ ತೋರಿಸಿ ಅಂದರೆ ಯಾರಿಗೆ ತಾನೇ ಖುಷಿ? ಆಫೀಸಿನ ಕಾರ್ಯಕ್ರಮ ಆಫೀಸಿನ ಹೊತ್ತಿನಲ್ಲೇ ಆಗಬೇಕು.

ಇನ್ನು ರಾಹುಕಾಲ. ನಿಮಗೆ ನಂಬಿಕೆ ಇದೆಯೋ ಇಲ್ಲವೋ, ಯಾರಾದರೂ ಒಬ್ಬರು ಕೇಳಿಯೇ ಕೇಳುತ್ತಾರೆ. ಕ್ಯಾಲೆಂಡರಿನಲ್ಲಿ ಇರುವಂತೆ ಸೋಮವಾರ ಏಳೂವರೆಯಿಂದ ಒಂಬತ್ತು, ಮಂಗಳವಾರ ಮೂರರಿಂದ ನಾಲ್ಕೂವರೆ, ಬುಧವಾರ ಹನ್ನೆರಡರಿಂದ ಒಂದೂವರೆ, ಗುರುವಾರ ಒಂದೂವರೆಯಿಂದ ಮೂರು, ಶುಕ್ರವಾರ ಹತ್ತೂವರೆಯಿಂದ ಹನ್ನೆರಡು. ಬೆಳಗ್ಗೆ ತಯಾರಿ, ಮಧ್ಯಾಹ್ನ ಹನ್ನೆರಡರ ಹೊತ್ತಿಗೆ ಪೂಜೆ, ಆಮೇಲೆ ಊಟ ಅನ್ನುವ ಕ್ರಮಕ್ಕೆ ಸೋಮವಾರ, ಮಂಗಳವಾರ, ಗುರುವಾರ ಸಲೀಸು.

ದಿನವನ್ನು ಎರಡು ತಿಂಗಳು ಮೊದಲೇ ಹೇಳಿಬಿಡಿ. ರೈಲಿನ ಮುಂಗಡ ಬುಕಿಂಗ್ ಈಗ ಪ್ರಯಾಣಕ್ಕೆ 60 ದಿನ ಮುಂಚೆ ತೆರೆಯುತ್ತದೆ. ದಸರಾ ಸಮಯದ ಹುಬ್ಬಳ್ಳಿ, ಮಂಗಳೂರು, ಕಲಬುರಗಿ ಟಿಕೆಟ್ ಬೇಗ ಖಾಲಿ. ಜನ ಟಿಕೆಟ್ ಮಾಡಿಸಿದ ಮೇಲೆ ನೀವು ದಿನ ಹೇಳಿದರೆ ಅವರದ್ದೇನು ತಪ್ಪು?

ಯಾರು ಬರಬೇಕು, ಯಾರು ಬರದೆ ಇರಬಹುದು

ಪೂಜೆ ಅಂದ ಮೇಲೆ ಅದು ಎಲ್ಲರ ಪೂಜೆಯಲ್ಲ. ಬೇರೆ ಧರ್ಮದವರು ಇರುತ್ತಾರೆ, ದೇವರನ್ನೇ ನಂಬದವರು ಇರುತ್ತಾರೆ, ಮನೆಯಲ್ಲಿ ಸೂತಕ ಇರುವವರು ಇರುತ್ತಾರೆ. ಹಾಗಾಗಿ ಪೂಜೆಯನ್ನು ಇಪ್ಪತ್ತು ನಿಮಿಷಕ್ಕೆ ಇಡಿ, ಉಳಿದ ಇಡೀ ದಿನವನ್ನು ಎಲ್ಲರೂ ಸೇರುವಂತೆ ಮಾಡಿ. ಪೂಜೆಗೆ ಯಾಕೆ ಬರಲಿಲ್ಲ ಅಂತ ಯಾರನ್ನೂ ಕೇಳಬೇಡಿ. ಮೇಲ್‌ನಲ್ಲೇ ಒಂದು ಸಾಲು ಹಾಕಿ: ಪೂಜೆಗೆ ನಿಲ್ಲುವುದು ನಿಮ್ಮ ಇಷ್ಟ, ಊಟ ಮತ್ತು ಆಟಕ್ಕೆ ಎಲ್ಲರೂ ಬನ್ನಿ.

ಇನ್ನೊಂದು ಸೂಕ್ಷ್ಮ ಇದೆ. ಹಿಂದೂ ಅಲ್ಲದ ಸಹೋದ್ಯೋಗಿ ಎಂದಾಕ್ಷಣ, ಒಳ್ಳೆಯ ಮನಸ್ಸಿನಿಂದಲೇ, ಅವರಿಗೆ ಕ್ಯಾಮೆರಾ ಕೊಟ್ಟು ಫೋಟೋ ತೆಗೆಯುವ ಕೆಲಸ ಹಚ್ಚುತ್ತಾರೆ. ಪ್ರತಿ ವರ್ಷ ಅದೇ ಆಗುತ್ತದೆ. ದಿನವೆಲ್ಲ ಲೆನ್ಸಿನ ಹಿಂದೆ ನಿಂತವರು ಯಾವ ಫೋಟೋದಲ್ಲೂ ಇರುವುದಿಲ್ಲ. ಕೆಲಸವನ್ನು ಅವರೇ ಆರಿಸಿಕೊಳ್ಳಲಿ.

ಹೌಸ್‌ಕೀಪಿಂಗ್, ಸೆಕ್ಯುರಿಟಿ, ಪ್ಯಾಂಟ್ರಿ, ಕ್ಯಾಬ್ ಡ್ರೈವರ್‌ಗಳನ್ನು ಮೊದಲ ಮೀಟಿಂಗಿಗೇ ಕರೆಯಿರಿ. ಕೆಲಸದ ಸಲಕರಣೆಗೆ ಕೈಮುಗಿಯುವ ಹಬ್ಬ ಇದು. ನಮ್ಮಲ್ಲಿ ಅನೇಕರಿಗೆ ಸಲಕರಣೆ ಅಂದರೆ ಕಂಪನಿಯ ಲ್ಯಾಪ್‌ಟಾಪ್, ಅದನ್ನು ಒರೆಸಿ ಎಷ್ಟು ದಿನವಾಯಿತೋ. ಡ್ರೈವರ್‌ಗಳು ಹಾಗಲ್ಲ, ಗಾಡಿ ತೊಳೆದು, ಬಾಳೆಕಂದು ಕಟ್ಟಿ, ಚಕ್ರದ ಕೆಳಗೆ ನಿಂಬೆಹಣ್ಣು ಇಡುವ ತನಕ ಎಲ್ಲ ಕ್ರಮವಾಗಿ ಮಾಡುತ್ತಾರೆ. ಪೂಜೆಯ ವಿಷಯದಲ್ಲಿ ಅವರನ್ನು ಕೇಳಿದರೆ ಅರ್ಧ ಗೊಂದಲ ತೀರುತ್ತದೆ. ಅವರು ಏಜೆನ್ಸಿ ಮೂಲಕ ಬಂದವರಾದರೆ ಆ ದಿನ ಪೂರ್ತಿ ಡ್ಯೂಟಿ ಎಂದೇ ಲೆಕ್ಕ ಅಂತ ಏಜೆನ್ಸಿಗೆ ಬರೆದು ತಿಳಿಸಿ. ಸಿಹಿ ಡಬ್ಬ ಎಲ್ಲರಿಗೂ ಒಂದೇ ಇರಲಿ. ಎಂಪ್ಲಾಯಿಗಳಿಗೆ ಡ್ರೈಫ್ರೂಟ್ಸ್, ಸೆಕ್ಯುರಿಟಿಯವರಿಗೆ ಸೋನ್‌ಪಾಪ್ಡಿ ಅನ್ನುವ ಲೆಕ್ಕ ಎಲ್ಲರ ಕಣ್ಣಿಗೂ ಬೀಳುತ್ತದೆ.

ಗುಂಪು ಕಟ್ಟುವುದು: ಇಲ್ಲಿ ಜಾಸ್ತಿ ತಲೆ ಖರ್ಚು ಮಾಡಿ

ಎಲ್ಲರ ಹೆಸರು ಚೀಟಿಯಲ್ಲಿ ಬರೆದು ಡಬ್ಬಕ್ಕೆ ಹಾಕಿ, ಎತ್ತಿ. ಡಿಪಾರ್ಟ್‌ಮೆಂಟ್ ಪ್ರಕಾರ ಗುಂಪು ಮಾಡಬೇಡಿ, ಅವರು ದಿನಾ ಒಟ್ಟಿಗೇ ಇರುತ್ತಾರೆ. ಒಂದು ಗುಂಪಿನಲ್ಲಿ ಆರರಿಂದ ಹತ್ತು ಜನ ಸಾಕು, ಅದಕ್ಕಿಂತ ಜಾಸ್ತಿಯಾದರೆ ಇಬ್ಬರು ಕೆಲಸ ಮಾಡುತ್ತಾರೆ, ಉಳಿದವರು ಸುಮ್ನೆ ನಿಂತು ಐಡಿಯಾ ಕೊಡುತ್ತಾರೆ. ಗುಂಪಿನ ಮುಖ್ಯಸ್ಥರಾಗಿ ಹೊಸದಾಗಿ ಸೇರಿದವರನ್ನು ಇಡಿ. ಮ್ಯಾನೇಜರ್‌ಗಳಿಗೆ ಯಾವ ಗುಂಪಿನ ಹೊಣೆಯೂ ಬೇಡ, ಚೀಟಿಯಲ್ಲಿ ಏನು ಬರುತ್ತದೋ ಆ ಕೆಲಸ ಮಾಡಲಿ. ಪೂಜೆ ಹೇಗೆ ಅಂತ ಗೊತ್ತಿರುವವರು ಪೂಜೆಯ ಗುಂಪಿಗೆ, ರಂಗೋಲಿ ಚೆನ್ನಾಗಿ ಹಾಕುವವರು ರಂಗೋಲಿಗೆ ಅಂತ ಬದಲಾಯಿಸಲು ಹೋಗಬೇಡಿ. ಹಾಗೆ ಮಾಡಿದರೆ ಹೆಂಗಸರೆಲ್ಲ ರಂಗೋಲಿಯಲ್ಲಿ, ಗಂಡಸರೆಲ್ಲ ಸ್ಪೀಕರ್ ಜೋಡಿಸುವುದರಲ್ಲಿ ಬಂದು ನಿಲ್ಲುತ್ತಾರೆ.

ಗುಂಪುಗಳು ಇಷ್ಟು: ತೋರಣ ಮತ್ತು ಹೂವಿನ ಅಲಂಕಾರ, ರಂಗೋಲಿ, ಪೂಜೆ ಸಾಮಾನು, ಪುರಿ ಪೊಟ್ಟಣ, ಊಟ ಬಡಿಸುವುದು, ಆಟ. ಸ್ವಚ್ಛ ಮಾಡುವುದಕ್ಕೆ ಬೇರೆ ಗುಂಪು ಇಲ್ಲ, ಅದು ಎಲ್ಲರ ಕೆಲಸ.

ತೋರಣದ ಗುಂಪನ್ನೇ ತೆಗೆದುಕೊಳ್ಳಿ. ಅಂಗಡಿಯಲ್ಲಿ ಪ್ಲಾಸ್ಟಿಕ್ ತೋರಣ ಸಿಗುತ್ತದೆ, ತರಬೇಡಿ. ಮಾವಿನ ಎಲೆ, ದಾರ, ತೆಂಗಿನ ಗರಿಯ ಕಡ್ಡಿ ತರಿಸಿ. ಎಲೆಯ ತೊಟ್ಟಿನ ಕಡೆಯನ್ನು ದಾರದ ಮೇಲೆ ಮಡಚಿ, ಕಡ್ಡಿಯ ಚೂರನ್ನು ನಡುವಿನ ನರಕ್ಕೆ ಅಡ್ಡವಾಗಿ ಚುಚ್ಚಿ ಸಿಕ್ಕಿಸಬೇಕು. ನರದ ಉದ್ದಕ್ಕೇ ಚುಚ್ಚಿದರೆ ಎಲೆ ಸೀಳುತ್ತದೆ. ಒಬ್ಬರು ದಾರ ಎಳೆದು ಹಿಡಿಯಬೇಕು, ಒಬ್ಬರು ಮಡಚಬೇಕು, ಒಬ್ಬರು ಚುಚ್ಚಬೇಕು. ಮೂರು ಜನ ಇಲ್ಲದೆ ಕೆಲಸ ಸಾಗುವುದಿಲ್ಲ. ನಾನು ನೋಡಿದ ಒಂದು ಆಫೀಸಿನಲ್ಲಿ ಫೈನಾನ್ಸ್ ಮುಖ್ಯಸ್ಥರು ಹತ್ತು ಎಲೆ ಸೀಳಿ ಹಾಕಿದ ಮೇಲೆ ಗೇಟಿನ ಸೆಕ್ಯುರಿಟಿಯವರು ಬಂದು, "ಕಡ್ಡಿ ಹಿಂಗ್ ಹಿಡೀರಿ ಸರ್" ಅಂತ ಕೈಹಿಡಿದು ತೋರಿಸಿದರು. ಅದಾದ ಮೇಲೆ ಅವರಿಬ್ಬರೂ ದಿನಾ ಗೇಟಿನಲ್ಲಿ ನಿಂತು ಎರಡು ಮಾತಾಡುವುದು ಶುರುವಾಯಿತು. ಇದನ್ನು ಯಾವ ರೆಸಾರ್ಟಿನ ಆಟವೂ ಮಾಡಿಸಲಾರದು.

ಪುರಿ ಗುಂಪಿನದ್ದೂ ಹೀಗೇ. ಕಡ್ಲೆಪುರಿ, ಹುರಿಗಡಲೆ, ಬೆಲ್ಲದ ಚೂರು, ಬತ್ತಾಸು, ಒಂದಿಷ್ಟು ಖಾರಬೂಂದಿ, ಎಲ್ಲ ಅಳೆದು ಪೇಪರ್ ಕವರಿಗೆ ತುಂಬಬೇಕು. ಟೇಬಲ್ ಸುತ್ತ ಕೂತು ತುಂಬುವಾಗ ಹರಟೆ ಬರುತ್ತದೆ, ಪುರಿಯೂ ಖಾಲಿಯಾಗುತ್ತದೆ. ಸ್ವಲ್ಪ ಜಾಸ್ತಿಯೇ ತರಿಸಿ.

ಇನ್ನೂ ಸಮಯ ಇದೆ ಅನ್ನಿಸಿದರೆ ನವರಾತ್ರಿಯ ಮೊದಲ ದಿನದಿಂದಲೇ ರಿಸೆಪ್ಷನ್‌ನಲ್ಲಿ ಚಿಕ್ಕ ಗೊಂಬೆ ಹಬ್ಬ ಕೂರಿಸಬಹುದು. ಮೆಟ್ಟಿಲು ಬೆಸ ಸಂಖ್ಯೆಯಲ್ಲಿರಲಿ, ಮೂರು ಸಾಕು. ಮೇಲಿನ ಮೆಟ್ಟಿಲಿಗೆ ಪಟ್ಟದ ಗೊಂಬೆ, ಕೆಳಗಿನ ಎರಡಕ್ಕೆ ಒಬ್ಬೊಬ್ಬರೂ ತಮ್ಮ ಊರಿನದ್ದು ಒಂದೊಂದು ವಸ್ತು ತರಲಿ. ಚನ್ನಪಟ್ಟಣದ ಅರಗಿನ ಬಣ್ಣದ ಆಟಿಕೆ, ಕಿನ್ನಾಳದ ಗೊಂಬೆ, ಬೀದರಿನ ಬಿದ್ರಿ ಡಬ್ಬಿ, ಬಂಗಾಳದವರು ಅವರ ಮಣ್ಣಿನ ಕುದುರೆ. ಯಾರ ವಸ್ತು ಯಾವುದು ಅಂತ ಹೆಸರು ಬರೆಯಬೇಡಿ, ಜನ ಕೇಳಿಕೊಂಡು ಓಡಾಡಲಿ.

ದುಡ್ಡು ಮತ್ತು ಸಾಮಾನು

ನನ್ನ ಲೆಕ್ಕ ಸರಳ. ಒಟ್ಟು ದುಡ್ಡಿನಲ್ಲಿ ಅರ್ಧ ಊಟಕ್ಕೆ, ಉಳಿದದ್ದರಲ್ಲಿ ಹೂವು, ಪೂಜೆ, ಪುರಿ, ಸಿಹಿ ಡಬ್ಬ, ಹತ್ತನೇ ಒಂದು ಭಾಗ ಮುಟ್ಟದೆ ಹಾಗೇ ಇಡಿ. ಊಟ, ಕೇಟರಿಂಗ್ ಬಿಲ್ಲಿನ ಜಿಎಸ್‌ಟಿಗೆ ಸಾಮಾನ್ಯವಾಗಿ ಇನ್‌ಪುಟ್ ಕ್ರೆಡಿಟ್ ಸಿಗುವುದಿಲ್ಲ, ಅಂದರೆ ಆ ತೆರಿಗೆಯನ್ನು ಕಂಪನಿ ತಾನು ಕಟ್ಟಬೇಕಾದ ಜಿಎಸ್‌ಟಿಯಲ್ಲಿ ಕಳೆದುಕೊಳ್ಳುವಂತಿಲ್ಲ, ಆದ್ದರಿಂದ ತೆರಿಗೆ ಸೇರಿಸಿಯೇ ಬಜೆಟ್ ಹಾಕಿ. ಉದ್ಯೋಗಿಗಳಿಂದ ಚಂದಾ ಎತ್ತಬೇಡಿ. ಐನೂರು ರೂಪಾಯಿ ಅಂತ ಕೇಳಿದರೆ ಇಲ್ಲ ಅನ್ನಲಾಗದೆ ಕೊಡುವವರು ಬಹಳ.

ಹೂವಿನ ಬೆಲೆ ಹಬ್ಬ ಹತ್ತಿರ ಬಂದಂತೆ ಏರುತ್ತದೆ. ಎರಡು ಮೂರು ದಿನ ಮೊದಲೇ ಪೂಜೆ ಇಟ್ಟುಕೊಂಡರೆ ಇಲ್ಲೂ ಉಳಿತಾಯ. ಕೆ.ಆರ್. ಮಾರ್ಕೆಟ್‌ಗೆ ನಸುಕಿನಲ್ಲೇ ಹೋಗಬೇಕು, ಏಳು ಗಂಟೆಯ ಮೇಲೆ ಗಾಡಿ ನಿಲ್ಲಿಸಲು ಜಾಗ ಹುಡುಕುವುದೇ ಒಂದು ಕೆಲಸ. ಅಷ್ಟು ಬೇಡ ಅಂದರೆ ಗಾಂಧಿ ಬಜಾರ್ ಇದೆ, ಮಲ್ಲೇಶ್ವರದ ಎಂಟನೇ ಕ್ರಾಸ್ ಇದೆ, ಬೆಲೆ ಕೊಂಚ ಜಾಸ್ತಿ ಆದರೆ ನೆಮ್ಮದಿ. ಹೋಗುವ ಮೊದಲು ಬಾಗಿಲುಗಳ ಅಗಲ, ಎತ್ತರ ಅಳೆದುಕೊಳ್ಳಿ. ಹೂವು ಮಾರಿನ ಲೆಕ್ಕದಲ್ಲಿ ಸಿಗುತ್ತದೆ, ಎರಡೂ ಕೈ ಚಾಚಿದಷ್ಟು ಉದ್ದ, ಚಾಚುವ ಕೈ ಮಾರುವವರದ್ದು ಅನ್ನುವುದನ್ನು ಮರೆಯಬೇಡಿ. ಚೆಂಡುಹೂ, ಸೇವಂತಿಗೆ ಮರುದಿನಕ್ಕೂ ತಾಳುತ್ತವೆ. ಮಲ್ಲಿಗೆಯನ್ನು ಅವತ್ತೇ ಬೆಳಗ್ಗೆ ತನ್ನಿ. ಬಾಳೆಕಂದು ಕಾರಿನ ಡಿಕ್ಕಿಗೆ ಹಿಡಿಸುವುದಿಲ್ಲ, ಆಫೀಸಿನ ಹತ್ತಿರವೇ ಯಾರಿಗಾದರೂ ಹೇಳಿಟ್ಟು ತರಿಸಿ.

ಹೂವಿನವರು, ಬಾಳೆಕಂದಿನವರು ಯುಪಿಐ ತೆಗೆದುಕೊಳ್ಳುತ್ತಾರೆ, ಬಿಲ್ ಕೊಡುವುದಿಲ್ಲ. ಅದಕ್ಕೆ ಅಕೌಂಟ್ಸ್‌ನವರ ಹತ್ತಿರ ಮೊದಲೇ ಮಾತಾಡಿ ಕ್ಯಾಶ್ ವೋಚರ್ ಫಾರ್ಮ್ ಇಸ್ಕೊಳ್ಳಿ. ಆಮೇಲೆ ಮೂರು ವಾರ ಅಲೆಯುವುದು ತಪ್ಪುತ್ತದೆ.

ಪುರೋಹಿತರು ಬೇಕಿದ್ದರೆ ತಿಂಗಳು ಮೊದಲೇ ಹೇಳಿ. ಬೇಡವಾದರೂ ಏನೂ ಕೊರತೆಯಿಲ್ಲ. ಆಫೀಸಿನ ಹಿರಿಯ ಡ್ರೈವರ್ ಕೈಯಲ್ಲಿ ಕಾಯಿ ಒಡೆಸಿ ಮಂಗಳಾರತಿ ಮಾಡಿಸಿದರೆ ಅದಕ್ಕಿಂತ ಚೆನ್ನ.

ಹೊಗೆ, ಕುಂಕುಮ, ಕುಂಬಳಕಾಯಿ

ಗಾಜಿನ ಆಫೀಸಿನಲ್ಲಿ ಕಿಟಕಿ ತೆರೆಯುವುದಿಲ್ಲ, ತಲೆಯ ಮೇಲೆ ಸ್ಮೋಕ್ ಡಿಟೆಕ್ಟರ್. ಧೂಪ ಹಾಕಿ ಕರ್ಪೂರ ಹಚ್ಚಿದರೆ ಅಲಾರಂ ಹೊಡೆದು, ಇಡೀ ಕಟ್ಟಡದ ಜನ ಮೆಟ್ಟಿಲಿಳಿದು ಪಾರ್ಕಿಂಗ್‌ನಲ್ಲಿ ನಿಂತದ್ದನ್ನು ನೋಡಿದ್ದೇನೆ. ಒಂದು ವಾರ ಮೊದಲೇ ಕಟ್ಟಡದ ಫೆಸಿಲಿಟಿಯವರಿಗೆ ಬರೆದು, ಜಾಗ ಮತ್ತು ಸಮಯ ತಿಳಿಸಿ. ಅವರು ಒಪ್ಪಿದರೆ ಆ ಭಾಗದ ಡಿಟೆಕ್ಟರನ್ನು ಸ್ವಲ್ಪ ಹೊತ್ತು ತಡೆದಿಟ್ಟು, ಒಬ್ಬರನ್ನು ಅಲ್ಲೇ ನಿಲ್ಲಿಸುತ್ತಾರೆ. ಮುಗಿದ ಕೂಡಲೇ ಮತ್ತೆ ಚಾಲೂ ಮಾಡಿದರಾ ಅಂತ ನೀವೇ ಹೋಗಿ ಕೇಳಿ. ಡಿಟೆಕ್ಟರಿಗೆ ಟೇಪ್ ಅಂಟಿಸುವ ಬುದ್ಧಿವಂತಿಕೆ ಯಾರೂ ತೋರಿಸಬಾರದು. ಒಪ್ಪದಿದ್ದರೆ ಪೂಜೆಯನ್ನು ಗೇಟಿನ ಹತ್ತಿರ ಬಯಲಲ್ಲಿ ಮಾಡಿ, ಮೇಲೆ ಹೂವು, ಕುಂಕುಮ ಮಾತ್ರ.

ಸರ್ವರ್ ರೂಮಿಗೆ ಮಂಗಳಾರತಿ ಒಯ್ಯಲೇಬೇಡಿ. ಅನೇಕ ಕಡೆ ಅಲ್ಲಿ ಬೆಂಕಿ ಆರಿಸುವ ಗ್ಯಾಸ್ ವ್ಯವಸ್ಥೆ ಇರುತ್ತದೆ, ಹೊಗೆ ಕಂಡರೆ ಸಿಲಿಂಡರ್ ತೆರೆದುಕೊಳ್ಳುತ್ತದೆ. ಬಾಗಿಲಿಗೆ ಹಾರ ಹಾಕಿ ಅಲ್ಲಿಂದಲೇ ಕೈಮುಗಿಯಿರಿ. ಲ್ಯಾಪ್‌ಟಾಪ್ ಮೇಲೆ ಅರಿಶಿನ ಕುಂಕುಮವನ್ನು ನೇರವಾಗಿ ಹಚ್ಚಬೇಡಿ, ಪುಡಿ ಕೀಬೋರ್ಡ್ ಸಂದಿಗೆ ಇಳಿದರೆ ಬರುವುದಿಲ್ಲ. ಚಿಕ್ಕ ಬಿಳಿ ಸ್ಟಿಕರ್ ಮೇಲೆ ಕುಂಕುಮ ಇಟ್ಟು ಮುಚ್ಚಳಕ್ಕೆ ಅಂಟಿಸಿದರೆ ಸಾಕು.

ಬೂದುಗುಂಬಳಕಾಯಿಯನ್ನು ರಸ್ತೆ ಮಧ್ಯೆ ಒಡೆದು ಬಿಟ್ಟುಬರಬೇಡಿ. ಹಬ್ಬದ ಮರುದಿನ ಬೈಕ್‌ನವರು ಜಾರಿ ಬೀಳುವುದು ಇದರಿಂದಲೇ. ಗೇಟಿನ ಒಳಗೆ, ಬದಿಯಲ್ಲಿ ಒಡೆಯಿರಿ, ಒಳಗೆ ಹಾಕಿದ ಚಿಲ್ಲರೆ ಕಾಸು ಆರಿಸಿಕೊಂಡ ಮೇಲೆ ಚೂರೆಲ್ಲ ಬಾಚಿ ಹಸಿ ಕಸಕ್ಕೆ ಹಾಕಿ ನೀರು ಸುರಿಯಿರಿ. ನುಣುಪು ಟೈಲ್ಸ್ ಮೇಲೆ ಪುಡಿ ರಂಗೋಲಿಯೂ ಜಾರುತ್ತದೆ, ಓಡಾಟದ ಜಾಗ ಬಿಟ್ಟು ಹೂವಿನ ರಂಗೋಲಿ ಹಾಕಿ. ತೆಂಗಿನಕಾಯಿ ಒಡೆಯಲು ಒಂದು ಕಲ್ಲು ತಂದಿಡಿ, ಇಲ್ಲದಿದ್ದರೆ ಗ್ರಾನೈಟಿನ ಅಂಚು ಹೋಗುತ್ತದೆ.

ಬಾಳೆ ಎಲೆ ಊಟ

ಬಫೆ ಬೇಡ. ಎಲೆ ಹಾಕಿ, ಎರಡು ಪಂಕ್ತಿ ಮಾಡಿ. ಅಡುಗೆಯವರು ಮಾಡಿ ತರಲಿ, ಬಡಿಸುವುದು ನಿಮ್ಮ ಗುಂಪಿನದ್ದೇ. ಎಲೆಯ ಚೂಪು ತುದಿ ಉಣ್ಣುವವರ ಎಡಕ್ಕೆ ಬರಬೇಕು. ಉಪ್ಪು, ಉಪ್ಪಿನಕಾಯಿ, ಕೋಸಂಬರಿ, ಎರಡು ಪಲ್ಯ, ಚಿತ್ರಾನ್ನ, ಆಮೇಲೆ ಅನ್ನ, ತೊವ್ವೆ, ತುಪ್ಪ. ನಂತರ ಹುಳಿ, ಸಾರು, ಒಬ್ಬಟ್ಟು, ಕೊನೆಗೆ ಮೊಸರನ್ನ. ಈ ಕ್ರಮ ಮನೆಯಿಂದ ಮನೆಗೆ, ಊರಿಂದ ಊರಿಗೆ ಬೇರೆ. ನಿಮ್ಮ ಟೀಮಿನಲ್ಲಿ ಮಂಗಳೂರಿನವರೂ ಧಾರವಾಡದವರೂ ಇದ್ದರೆ ಇದರ ಮೇಲೆ ಒಂದು ಜಗಳವೇ ಆಗಬಹುದು, ಆಗಲಿ ಬಿಡಿ. ಒಬ್ಬಟ್ಟನ್ನು ಬೆಂಗಳೂರಿನ ಹೋಳಿಗೆ ಅಂಗಡಿಗಳಿಂದ ಬೇರೆಯಾಗಿ ತರಿಸಿದರೆ ಬಿಸಿಯಾಗಿ ಸಿಗುತ್ತದೆ. ನೆಲದ ಮೇಲೆ ಕೂರಲಾಗದವರಿಗೆ ಟೇಬಲ್ ಇಡಿ.

ಮೊದಲೇ ಒಂದು ಫಾರ್ಮ್ ಕಳಿಸಿ ಊಟದ ವಿಷಯ ಕೇಳಿಕೊಳ್ಳಿ. ಉತ್ತರ ಭಾರತದವರಲ್ಲಿ ಕೆಲವರು ಒಂಬತ್ತು ದಿನವೂ ವ್ರತ ಮಾಡುತ್ತಾರೆ, ಅಕ್ಕಿ ಗೋಧಿ ಮುಟ್ಟುವುದಿಲ್ಲ. ಅವರಿಗೆ ಸಾಬೂದಾನಿ ಖಿಚಡಿ, ಹಣ್ಣು, ಮೊಸರು ಬೇಕು. ಜೈನರಿಗೆ ಈರುಳ್ಳಿ, ಬೆಳ್ಳುಳ್ಳಿ, ಆಲೂಗಡ್ಡೆ ಬೇಡ. ಬಂಗಾಳಿಗಳಿಗೆ ಇದೇ ದಿನಗಳು ಮೀನು ಮಾಂಸದ ಸಂಭ್ರಮ. ಅವರಿಗೆ ಎಲೆ ಊಟ ಹಬ್ಬದಂತೆ ಅನ್ನಿಸದೆ ಇರಬಹುದು, ಮುಂದಿನ ವಾರ ಟೀಮ್ ಲಂಚ್‌ನಲ್ಲಿ ಅದನ್ನು ಸರಿಮಾಡಿ.

ಬಡಿಸಿದವರು ಕೊನೆಗೆ ಕೂರುತ್ತಾರೆ, ಅವರಿಗೆ ಮ್ಯಾನೇಜರ್‌ಗಳು ಬಡಿಸಲಿ. ಹೌಸ್‌ಕೀಪಿಂಗ್‌ನವರು ಮೊದಲ ಪಂಕ್ತಿಯಲ್ಲೇ ಕೂರಲಿ, ಉಳಿದದ್ದನ್ನು ಆಮೇಲೆ ಉಣ್ಣುವಂತಾಗಬಾರದು.

ಆಟ

ಪಾರ್ಕಿಂಗ್ ಖಾಲಿ ಇದ್ದರೆ ಲಗೋರಿ. ಏಳು ಚಪ್ಪಟೆ ಕಲ್ಲು, ಒಂದು ಮೆತ್ತನೆ ಚೆಂಡು, ಬೇರೇನೂ ಬೇಡ. ಬೀಳಿಸಿದವರು ಮತ್ತೆ ಜೋಡಿಸುವಷ್ಟರಲ್ಲಿ ಎದುರಾಳಿಗಳು ಚೆಂಡಿನಿಂದ ಹೊಡೆಯಬೇಕು. ಒಳಗೆ ಕೂರುವವರಿಗೆ ಚೌಕಾಬಾರ. ಐದು ಸಾಲು ಐದು ಮನೆ, ಸೀಮೆಸುಣ್ಣದಲ್ಲಿ ನೆಲದ ಮೇಲೇ ಬರೆಯಬಹುದು. ನಾಲ್ಕು ಕವಡೆ ಸಿಗದಿದ್ದರೆ ಹುಣಸೆ ಬೀಜದ ಒಂದು ಬದಿ ನೆಲಕ್ಕೆ ಉಜ್ಜಿ ಬೆಳ್ಳಗೆ ಮಾಡಿದರಾಯಿತು. ನಾಲ್ಕೂ ಅಂಗಾತ ಬಿದ್ದರೆ ಚೌಕ, ನಾಲ್ಕು. ನಾಲ್ಕೂ ಬೋರಲು ಬಿದ್ದರೆ ಬಾರ, ಎಂಟು. ಆಟ ಬಲ್ಲವರನ್ನು ಮತ್ತು ಈ ಹೆಸರನ್ನೇ ಕೇಳದವರನ್ನು ಜೋಡಿ ಮಾಡಿ ಕೂರಿಸಿ. ಕನ್ನಡ ಬಾರದವರೂ ಹತ್ತು ನಿಮಿಷದಲ್ಲಿ "ಕಡಿ, ಕಡಿ" ಅಂತ ಕೂಗುತ್ತಾರೆ.

ಯಾರನ್ನಾದರೂ ನಾಚಿಸುವ ಆಟ, ಜೋಡಿ ಡ್ಯಾನ್ಸ್, ಬಾಸ್‌ನ ಮಿಮಿಕ್ರಿ ಬೇಡ. ಆಫೀಸಿನ ಹೊರಗೆ ಕರೆದೊಯ್ದರೂ ಕೆಲಸದ ಜಾಗದ ಲೈಂಗಿಕ ಕಿರುಕುಳ ತಡೆಯ 2013ರ ಕಾಯ್ದೆ ಅನ್ವಯಿಸುತ್ತದೆ, ಕಂಪನಿಯ ಗಾಡಿಯೊಳಗೂ. ಆಡದೆ ನೋಡುತ್ತಾ ಕೂರುವವರನ್ನು ಎಬ್ಬಿಸಬೇಡಿ. ಅಂಕ ಬರೆದುಕೊಳ್ಳುವುದೂ ಒಂದು ಕೆಲಸವೇ, ಅಲ್ವಾ?

ಆ ದಿನದ ಗಡಿಯಾರ

ಗುರುವಾರ ಅಂತಿಟ್ಟುಕೊಳ್ಳಿ. ಹತ್ತಕ್ಕೆ ಎಲ್ಲರೂ ತಮ್ಮ ತಮ್ಮ ಟೇಬಲ್, ಡ್ರಾಯರ್ ಒರೆಸಿ ಸ್ವಚ್ಛ ಮಾಡಲಿ. ಹತ್ತೂ ಮುಕ್ಕಾಲಿಗೆ ಗುಂಪಿನ ಕೆಲಸ. ಹನ್ನೆರಡೂಕಾಲಿಗೆ ಪೂಜೆ, ಹನ್ನೆರಡೂ ಮುಕ್ಕಾಲಿಗೆ ಮೊದಲ ಪಂಕ್ತಿ. ಎರಡೂವರೆಯಿಂದ ಆಟ. ನಾಲ್ಕಕ್ಕೆ ನಿಲ್ಲಿಸಿ ಎಲ್ಲರೂ ಸೇರಿ ಸ್ವಚ್ಛ ಮಾಡುವುದು, ಪುರಿ ಪೊಟ್ಟಣ ಹಂಚುವುದು, ನಾಲ್ಕೂವರೆಗೆ ಮನೆಗೆ. ಭಾಷಣ ಇದ್ದರೆ ಊಟಕ್ಕೆ ಮುಂಚೆ ಎರಡೇ ನಿಮಿಷ. ಸಪೋರ್ಟ್ ಕೆಲಸದಲ್ಲಿ ಇರುವವರಿಗೆ ಗಂಟೆಗೊಬ್ಬರಂತೆ ಪಾಳಿ ಹಾಕಿ. ಅದೇ ಇಬ್ಬರು ದಿನವಿಡೀ ಸ್ಕ್ರೀನ್ ಮುಂದೆ ಕೂರುವಂತಾಗಬಾರದು. ರಾತ್ರಿ ಪಾಳಿಯವರಿಗೆ ಅವರ ಹೊತ್ತಿಗೆ ಬೇರೆಯಾಗಿ ಊಟ ಮತ್ತು ಪೊಟ್ಟಣ ಎತ್ತಿಡಿ.

ಮುಗಿದ ಮೇಲೆ

ಬಾಳೆಕಂದು ಬಾಗಿಲಲ್ಲೇ ಕೊಳೆಯಲು ಬಿಡಬೇಡಿ, ರಜೆಗೆ ಹೋಗುವ ಮುಂಚೆ ಬಿಚ್ಚಿ ಹಸಿ ಕಸಕ್ಕೆ ಕೊಡಿ. ಉಳಿದ ಊಟವನ್ನು ಬಿಸಿ ಇರುವಾಗಲೇ ಹಂಚಿ. ಫೋಟೋಗಳನ್ನು ಹೊರಗೆ ಹಾಕುವ ಮೊದಲು ಅದರಲ್ಲಿ ಇರುವವರನ್ನು ಕೇಳಿ.

ರಜೆ ಮುಗಿಸಿ ಬಂದ ಮೊದಲ ದಿನಕ್ಕೆ ಒಂದು ಚಿಕ್ಕ ಕೆಲಸ ಇಟ್ಟುಕೊಳ್ಳಿ. ಉತ್ತರ ಕರ್ನಾಟಕದ ಕಡೆ ವಿಜಯದಶಮಿಗೆ ಬನ್ನಿ ಎಲೆ ಕೊಟ್ಟು "ಬಂಗಾರ ತಗೊಂಡು ಬಂಗಾರದಂಗ ಇರೋಣ" ಅನ್ನುತ್ತಾರೆ. ಊರಿಂದ ಬರುವವರಿಗೆ ಒಂದು ಕಟ್ಟು ತರಲು ಹೇಳಿ, ಬೆಳಗಿನ ಮೀಟಿಂಗ್ ಶುರುವಾಗುವ ಮುಂಚೆ ಹಂಚಿ. ಐದು ನಿಮಿಷದ ಕೆಲಸ, ಖರ್ಚಿಲ್ಲ.

ಅಭಿಪ್ರಾಯ ಕೇಳಲು ಉದ್ದನೆಯ ಫಾರ್ಮ್ ಕಳಿಸಬೇಡಿ. ಯಾವುದು ಬೇಸರ ತರಿಸಿತು, ಯಾರ ಜೊತೆ ಮೊದಲ ಸಲ ಮಾತಾಡಿದಿರಿ, ಈ ಎರಡು ಪ್ರಶ್ನೆ ಸಾಕು. ಬಿಲ್‌ಗಳನ್ನು ಒಂದು ವಾರದೊಳಗೆ ಮುಗಿಸಿ. ಎಷ್ಟು ಮಾರು ಹೂ ಬೇಕಾಯಿತು, ಎಷ್ಟು ಎಲೆ ಉಳಿಯಿತು, ಯಾವ ಅಡುಗೆಯವರು ಹೊತ್ತಿಗೆ ಬಂದರು, ಯಾರ ಒಬ್ಬಟ್ಟು ಚೆನ್ನಾಗಿತ್ತು ಅಂತ ಒಂದು ಶೀಟಿನಲ್ಲಿ ಬರೆದಿಡಿ. ಮುಂದಿನ ವರ್ಷದ ಸಮಿತಿಯಲ್ಲಿ ಈ ವರ್ಷದವರು ಇಬ್ಬರಿಗಿಂತ ಜಾಸ್ತಿ ಇರಬಾರದು, ಶೀಟ್ ಮಾತ್ರ ಅವರ ಕೈಗೆ ಹೋಗಲಿ.